ಮೂರನೇ ಕನ್ನಡಕ

ಪ್ರೀತಿಯ ಅತ್ತಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದೇನು ಅಂತ ನಗಬೇಡಿ. ಎದುರು ಬಂದು ಹೇಳಿದರೆ "ಆಯ್ತು ಬಿಡು" ಅಂತ ಎದ್ದು ಒಳಗೆ ಹೋಗುತ್ತೀರಿ. ಕಾಗದವನ್ನಾದರೂ ಕೊನೆತನಕ ಓದುತ್ತೀರಿ ಅನ್ನುವ ನಂಬಿಕೆ.

ಅಪ್ಪ ಆಪರೇಷನ್ ಮುಗಿಸಿ ಮನೆಗೆ ಬಂದಾಗಿನಿಂದ ನೀವು ಕೆಳಗಿನ ನಮ್ಮ ಕನ್ನಡಕದಂಗಡಿಯ ಕಡೆ ತಲೆ ಹಾಕಿಲ್ಲ. "ನನಗೆ ಮೊದಲೇ ಗೊತ್ತಾಗಬೇಕಿತ್ತು. ಇನ್ನು ಯಾರ ಕಣ್ಣನ್ನೂ ಪರೀಕ್ಷೆ ಮಾಡಲ್ಲ" ಅಂದಿರಂತೆ, ಅಣ್ಣ ಹೇಳಿದ. ಅದಕ್ಕೇ ಈ ಜಗಳ.

ನಮ್ಮದು ಮೂರು ತಲೆಮಾರಿನ ಕನ್ನಡಕದ ಮನೆ. ಇಲ್ಲಿ ತಲೆನೋವು ಬಂದರೂ ಕನ್ನಡಕ, ಹಾಲು ಚೆಲ್ಲಿದರೂ ಕನ್ನಡಕ. ಅಪ್ಪ ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳತೊಡಗಿದಾಗ ಅಣ್ಣ ಒಂದು ಹೊಸ ಕನ್ನಡಕ ಮಾಡಿಕೊಟ್ಟ. ತಿಂಗಳು ಕಳೆಯುವುದರೊಳಗೆ ಎರಡನೆಯದನ್ನು ನೀವು ಮಾಡಿದಿರಿ. ಕೇಳಿದಾಗಲೆಲ್ಲ ಅಪ್ಪ "ಈಗ ಪರವಾಗಿಲ್ಲಮ್ಮ" ಅನ್ನುತ್ತಿದ್ದರು. ಸೊಸೆಯ ಮನಸ್ಸು ನೋಯಬಾರದೆಂದು ಆಡಿದ ಮಾತದು. ನಾವು ಅದನ್ನೇ ಸಾಕ್ಷಿ ಮಾಡಿಕೊಂಡೆವು. ಚೆನ್ನಾಗಿ ಓದಿದ ದಿನ ಕನ್ನಡಕದ ಮಹಿಮೆ, ಎಡವಿದ ದಿನ "ಹೊಸದಲ್ವಾ, ಒಗ್ಗಬೇಕು." ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರೆ ಇದೇ ತಾನೇ.

ಮೂರನೆಯದರ ಗಾಜು ಕೂರಿಸುತ್ತಿದ್ದವರು ನೀವು, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಿರಿ. "ನಾನೇ ತಪ್ಪಾಗಿದ್ರೆ ನನಗೆ ಹೇಗೆ ಗೊತ್ತಾಗುತ್ತೆ?" ಅಂದಿರಿ. ನಮ್ಮನ್ನು ಕೇಳಿದ್ದಲ್ಲ, ನಿಮ್ಮನ್ನೇ ಕೇಳಿಕೊಂಡದ್ದು. ಅಪ್ಪನನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಬಲಗಣ್ಣು ಮುಚ್ಚಿ ಓದಿಸಿದಿರಿ. ಪ್ರತಿ ಸಾಲಿನಲ್ಲೂ ಎಡಗಡೆಯ ಅಕ್ಷರಗಳನ್ನು ಬಿಟ್ಟರು. ಎಡಗಣ್ಣು ಮುಚ್ಚಿಸಿದರೆ ಆಗಲೂ ಎಡಗಡೆಯವನ್ನೇ ಬಿಟ್ಟರು. "ಎರಡು ಕಣ್ಣೂ ಒಂದೇ ಕಡೆ ಕೆಡುತ್ತಾ? ತೊಂದರೆ ಕಣ್ಣಲ್ಲಿಲ್ಲ, ಅದರ ಹಿಂದಿದೆ. ನಾನು ಮಾಡಿದ್ದು ತಪ್ಪು. ಆಸ್ಪತ್ರೆಗೆ ನಡೀರಿ" ಅಂದಿರಿ. ಇದೊಂದು ಕನ್ನಡಕ ಹಾಕಿ ನೋಡೋಣ ಅಂತ ಅಣ್ಣ ಗೊಣಗಿದ. ನೀವು ಜಗ್ಗಲಿಲ್ಲ. ತಲೆಯೊಳಗೆ ಗಡ್ಡೆ ಇತ್ತು. ಇನ್ನಷ್ಟು ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಅಂದರು ಡಾಕ್ಟರು.

ಅತ್ತಿಗೆ, ನನಗೆ ಬೆರಗು ನೀವು ರೋಗದ ಜಾಡು ಹಿಡಿದದ್ದಕ್ಕಲ್ಲ. ನೀವೇ ಮಾಡಿದ ಕನ್ನಡಕ ಅಪ್ಪನ ಮೂಗಿನ ಮೇಲಿರುವಾಗ, ಮನೆಯವರೆಲ್ಲ ನಿಮ್ಮ ಕೈಗುಣವನ್ನು ಹೊಗಳುತ್ತಿರುವಾಗ, ನಿಮ್ಮ ತೀರ್ಮಾನವನ್ನೇ ಅನುಮಾನಿಸಿದಿರಲ್ಲ, ಅದಕ್ಕೆ. ನನ್ನಿಂದ ಆಗುವ ಕೆಲಸವಲ್ಲ. ಚಹಾಕ್ಕೆ ಉಪ್ಪು ಹಾಕಿದರೂ ಡಬ್ಬಿಯದೇ ತಪ್ಪು ಅನ್ನುವವಳು ನಾನು.

ನೀವು ಎಡವುತ್ತಿರುವುದು ಈಗ. ಉತ್ತರ ಗೊತ್ತಾದ ಮೇಲೆ ಎಲ್ಲ ಒಗಟೂ ಸುಲಭವೇ. ಇವತ್ತಿನ ತಿಳಿವಳಿಕೆಯನ್ನು ಇಟ್ಟುಕೊಂಡು, ಅದಿಲ್ಲದಿದ್ದ ಅಂದಿನ ನಿಮ್ಮನ್ನು ಬೈಯುತ್ತಿದ್ದೀರಿ. ಬೇರೆ ಯಾರಾದರೂ ಹೀಗೆ ಯೋಚಿಸಿದ್ದರೆ ನೀವೇ ಕಿವಿ ಹಿಂಡುತ್ತಿದ್ದಿರಿ.

ಅಪ್ಪನ ಎಡಗಡೆಯ ನೋಟ ಪೂರ್ತಿ ಮರಳಿಲ್ಲ, ನಿಜ. ಮರಳದೆಯೂ ಇರಬಹುದು. ಆದರೆ ಇವತ್ತು ನನ್ನ ಕೈ ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ಬಂದರು. ಅಣ್ಣ ಕಣ್ಣು ನೋಡಲು ಹೋದರೆ ಗದರಿದರು: "ನೀನು ಕಣ್ಣು ಮಾತ್ರ ನೋಡ್ತೀಯ. ಅವಳನ್ನ ಕರಿ." ಕುರ್ಚಿಯಿಂದ ಏಳಲು ಒಪ್ಪುತ್ತಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಓದಿ ಮುಗಿದಿದ್ದರೆ ಕೆಳಗೆ ಬನ್ನಿ ಅತ್ತಿಗೆ, ಅವರು ಕಾಯುತ್ತಿದ್ದಾರೆ.

ನಿಮ್ಮ ಕೈಗೂ ನಿಮ್ಮ ಅನುಮಾನಕ್ಕೂ ನೂರು ವರ್ಷ ಆಯಸ್ಸಿರಲಿ.

ನಿಮ್ಮ ಬಾಯಿಬಡುಕಿ ನಾದಿನಿ