ಬೇಲಿಯೊಳಗಿನ ಹಾಲ್ವರ್

ಮಾರ್ಚ್ ೪, ೧೯೯೭

ಅಮ್ಮನಿಗೆ ಓಟ್ಸ್ ಗಂಜಿ ಕೊಟ್ಟು ಸಲಹಾ ಮಂಡಳಿಯ ಸಭೆಗೆ ಹೋದೆ. ಅದೇ ಶಾಲೆಯ ಹಾಲ್, ಅದೇ ತಣ್ಣನೆ ಕಾಫಿ. ಶುದ್ಧೀಕರಣ ಇಲಾಖೆಯ ಪ್ರೆಂಟಿಸ್ ನಕ್ಷೆ ತೂಗುಹಾಕಿದ. ವಿಕಿರಣದ ವಿಷ ಮಣ್ಣಿಗಿಳಿದ ಜಾಗಕ್ಕೆಲ್ಲ ಕೆಂಪು ಬಣ್ಣ. ಕೆಂಪಿನ ನಡುವೆ ನಮ್ಮ ಹಳೆಯ ಸ್ಮಶಾನ.

ಐವತ್ತು ವರ್ಷದ ಕೆಳಗೆ ಯುದ್ಧಕಾಲದಲ್ಲಿ ಸರ್ಕಾರ ಊರನ್ನೇ ಎಬ್ಬಿಸಿ ಅಣುಬಾಂಬಿನ ಕಾರ್ಖಾನೆ ಕಟ್ಟಿತು. ಮನೆ, ಸೇಬಿನ ತೋಟ ಎಲ್ಲ ಹೋಯಿತು. ನನ್ನ ತಮ್ಮ ಹಾಲ್ವರ್ ಮಾತ್ರ ಆ ಸ್ಮಶಾನದಲ್ಲಿ, ಬೇಲಿಯೊಳಗೆ ಉಳಿದ. ಎರಡು ವರ್ಷಕ್ಕೇ ತೀರಿಕೊಂಡ ಮಗು. ವರ್ಷಕ್ಕೊಮ್ಮೆ ಪಾಸ್ ಪಡೆದು ಹೋಗಿ ನೋಡಿ ಬರುತ್ತೇವೆ. ತನ್ನನ್ನೂ ಅವನ ಪಕ್ಕದಲ್ಲೇ ಮಲಗಿಸಬೇಕೆಂದು ಅಮ್ಮನ ಆಸೆ.

"ಎರಡೇ ದಾರಿ," ಅಂದ ಪ್ರೆಂಟಿಸ್. "ಮೇಲೆ ಮುಚ್ಚಳ ಹಾಕಿ ಬಿಟ್ಬಿಡೋದು. ಇಲ್ಲಾ ಪೂರ್ತಿ ಅಗೆದು ತೆಗೆಯೋದು."

"ಸಮಾಧಿಗಳು?" ಕೇಳಿದೆ.

"ಅಗೆದ ಮೇಲೆ ಎಲ್ಲಾ ತ್ಯಾಜ್ಯದ ಲೆಕ್ಕಕ್ಕೇ ಮೇಡಂ. ವಾಪಸ್ ಕೊಡೋ ಹಾಗಿಲ್ಲ."

ಮಾರ್ಚ್ ೧೯

ಲೂಪೆ ಅರಿಯೋಲ ಮನೆಗೆ ಬಂದಿದ್ದಳು. ನದಿಯ ಕೆಳಗೆ ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ತೋಟಗಳಲ್ಲಿ ದುಡಿಯುವವಳು. ಮಂಡಳಿಯಲ್ಲಿ ನನ್ನ ಪಕ್ಕದ ಕುರ್ಚಿ. ವಿಷ ಅವರ ಬಾವಿಗಳ ಕಡೆಗೇ ಹರಿಯುತ್ತಿದೆ.

"ಮುಚ್ಚಳ ಹಾಕಿದ್ರೆ ಮೇಲಿಂದ ಚೆಂದ. ಕೆಳಗೆ ಹರಿಯೋದು ನಿಲ್ಲುತ್ತಾ?" ಅಂದಳು. ಆಮೇಲೆ ಮೆತ್ತಗೆ, "ಅಗೆಯೋದು ಬೇಡ ಅಂತ ನೀನಂದ್ರೆ ಯಾರೂ ಕೈ ಎತ್ತಲ್ಲ ರಾಗ್ನಾ. ನಾನೂ ಎತ್ತಲ್ಲ."

ಬೈದಿದ್ದರೆ ಸುಲಭವಾಗುತ್ತಿತ್ತು...

ಏಪ್ರಿಲ್ ೮

ಅಗೆಯಲಿ ಎಂದು ಕೈ ಎತ್ತಿದೆ. ಮೊದಲು ನಾನೇ.

ಅಮ್ಮನಿಗೆ ಹೇಳಿದೆ. ಹೆಣಿಗೆ ಕೆಳಗಿಟ್ಟಳು.

"ಅವನ ತೊಟ್ಟಿಲು ತೂಗ್ತಿದ್ದೋಳು ನೀನೇ ಕಣೇ."



ಏಪ್ರಿಲ್ ೩೦

ಅಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ನಾನು ಕೊಟ್ಟದ್ದನ್ನು ತಿನ್ನುವುದಿಲ್ಲ. ನಾನು ಹೊರಗೆ ಹೋದಾಗ ಗೋಡೆ ಹಿಡಿದು ಬಂದು ಬ್ರೆಡ್ ತಿನ್ನುತ್ತಾಳೆ. ಮೇಜಿನ ಮೇಲೆ ಚೂರುಗಳು.

ಸೆಪ್ಟೆಂಬರ್ ೧೬, ೧೯೯೮

ಅಗೆತ ಮುಗಿಯಿತು. ಸಮಾಧಿಯ ಕಲ್ಲನ್ನು ಪ್ರೆಂಟಿಸ್ ತಾನೇ ಟ್ರಕ್‌ನಲ್ಲಿ ತಂದ. ಮೀಟರ್ ಹಿಡಿದು ನೋಡಿದ್ದಾರೆ; ಕಲ್ಲಿನಲ್ಲಿ ವಿಷವಿಲ್ಲವಂತೆ.

ಅಮ್ಮ ಅದರ ಮೇಲೆ ಕೈಯಾಡಿಸಿದಳು. "ಮಗೂನ ಇಟ್ಕೊಂಡು ಬಾಗಿಲು ವಾಪಸ್ ಕೊಡ್ತಿದ್ದೀರಾ?"



ಅಕ್ಟೋಬರ್ ೬

ಹೊರಡುವಾಗ ಅಮ್ಮ ಕೋಟು ಹಾಕಿಕೊಂಡು ಬಾಗಿಲಲ್ಲಿದ್ದಳು. "ಸಭೆಗೆ ನಾನೂ ಬರ್ತೀನಿ." ಒಂದೂವರೆ ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಸಾರ್ವಜನಿಕರ ಸರದಿ ಬಂದಾಗ ಮೈಕ್ ಹಿಡಿದಳು.

"ನಾನು ಸೋಲ್ವೇಗ್ ಬ್ಯಾಕೆನ್. ಅಗೆದ ಮಣ್ಣನ್ನ ಎಲ್ಲಿ ಹಾಕಿದ್ರಿ?"

"ಹೊಸ ಗುಂಡಿಗೆ ಹಾಕಿದೀವಮ್ಮ," ಅಂದ ಪ್ರೆಂಟಿಸ್. "ಬೇಲಿಯೊಳಗೇ. ಭದ್ರವಾಗಿದೆ."

"ನಾನು ಸತ್ರೆ ಅಲ್ಲಿಗೆ ಹಾಕ್ತೀರಾ?"

"ಅಲ್ಲಿಗೆ... ತ್ಯಾಜ್ಯ ಮಾತ್ರ."

"ತೊಂಬತ್ತು ದಾಟಿತಪ್ಪ. ಇನ್ನೂ ಏನಾಗ್ಬೇಕು ನಾನು?"

ಯಾರೋ ನಗಲು ಹೋಗಿ ತಡೆದುಕೊಂಡರು. ಪ್ರೆಂಟಿಸ್ ಕನ್ನಡಕ ತೆಗೆದ. ಕಾನೂನು ಓದಿ ಹೇಳಲಿಲ್ಲ. "ಮೇಲಿನವರನ್ನ ಕೇಳಿ ನೋಡ್ತೀನಿ," ಅಂದ. ಆಗುವುದಿಲ್ಲವೆಂದು ಅವನಿಗೂ ಗೊತ್ತು, ಅಮ್ಮನಿಗೂ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಕೇಳಿದಳು:

"ಆ ಲೂಪೆಗೆ ಮಕ್ಕಳೆಷ್ಟು?"

"ಮೂರು."

"ಹೂಂ."

ನನ್ನ ಕೈಯ ಮೇಲೆ ಕೈಯಿಟ್ಟಳು. ಮನೆಗೆ ಬಂದ ಮೇಲೆ ಸೂಪ್ ಕೊಟ್ಟೆ. ಕುಡಿದಳು.

ಡಿಸೆಂಬರ್ ೧೨

ಅಮ್ಮ ನಿನ್ನೆ ಹೋದಳು. ಲೂಪೆ ತಮಾಲೆ, ಅವರ ಕಡೆಯ ಜೋಳದ ಕಡುಬು, ಮಾಡಿಕೊಂಡು ಬಂದು ಅಡುಗೆಮನೆಯಲ್ಲೇ ಕೂತಿದ್ದಾಳೆ. ಒಳ್ಳೆಯದಾಯಿತು.

ಬೆಳಿಗ್ಗೆ ಪ್ರೆಂಟಿಸ್ ಫೋನ್ ಮಾಡಿದ್ದ. ಮೇಲಿನವರ ಉತ್ತರ ಬಂದಿದೆ — ಆಗುವುದಿಲ್ಲ. ಮೂರು ಸಲ ಕ್ಷಮೆ ಕೇಳಿದ. ಕೊನೆಗೆ ನಾನೇ ಸಮಾಧಾನ ಮಾಡಬೇಕಾಯಿತು.

ಶವಸಂಸ್ಕಾರದವನು ಈಗಷ್ಟೇ ಬಂದು ಕೇಳಿದ, "ಎಲ್ಲಿ ಮಲಗಿಸೋಣ? ಪಕ್ಕದಲ್ಲಿ ಮನೆಯವರು ಯಾರಾದ್ರೂ ಇದ್ದಾರಾ?"

ಇದ್ದಾನೆ ಅನ್ನಲು ಬಾಯಿ ತೆರೆದೆ. ಆಮೇಲೆ ಇಲ್ಲ ಅನ್ನಲೂ ಆಗದೆ, ನಾನು ಹಾಲ್ವರ್‌ನ ಕಲ್ಲನ್ನು ತೋರಿಸಿ, "ಇದನ್ನ ಪಕ್ಕದಲ್ಲಿಡಿ," ಅಂದೆ.