ನಿರಪರಾಧಿಯ ತಾಯಿ

ಸೋಮವಾರ ಮಧ್ಯಾಹ್ನ,
ಅಂಗಡಿಯಿಂದ

ನನ್ನ ಪ್ರೀತಿಯ ಸೂಜಿಗೆ,

ಅಮ್ಮನ ಮುತ್ತುಗಳು. ನಾವೆಲ್ಲ ಕ್ಷೇಮ ಎಂದು ಬರೆದರೆ ನೀನು ಮೂಗು ಮುರಿಯುತ್ತೀಯ ಎಂದು ಗೊತ್ತು. ಆದರೂ ಬರೆಯುತ್ತೇನೆ, ಕ್ಷೇಮ. ನನ್ನ ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ಅದೂ ನಿನ್ನ ಹಾಗೆಯೇ.

ಇಷ್ಟು ದಿನ ನಾನು ಬರೆದ ಕಾಗದಗಳನ್ನು ಓದಿ ನಿನಗೆ ಬೇಜಾರು ಬಂದಿರಬೇಕು. ಬಿಸಿಲು, ಮಳೆ, ಮಂಡಿ, ಮತ್ತೆ ಬಿಸಿಲು. ಏನು ಮಾಡಲಿ, ಆ ಜೈಲಿನವರು ಯಾರನ್ನೋ ಕೂರಿಸಿ ಒಂದೊಂದು ಸಾಲನ್ನೂ ಓದಿಸಿದ ಮೇಲೆಯೇ ನಿನ್ನ ಕೈಗೆ ಕೊಡುತ್ತಾರಂತೆ. ಯಾರೋ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರೆ ಮಗಳ ಹತ್ತಿರ ಎಷ್ಟೆಂದು ಮಾತಾಡುವುದು? ಈ ಸಲ ಹಾಗಲ್ಲ. ನಿನ್ನ ವಕೀಲಮ್ಮ ನಮ್ಮನ್ನು ನೋಡಲು ಇಲ್ಲಿಯವರೆಗೂ ಬಂದಿದ್ದಾರೆ, ನಾಳೆ ವಾಪಸು ಹೊರಡುತ್ತಾರೆ. ವಕೀಲರು ಕೈಯಾರೆ ತರುವ ಕಾಗದವನ್ನು ಅಲ್ಲಿ ಯಾರೂ ಬಿಡಿಸುವ ಹಾಗಿಲ್ಲವಂತೆ. ಅದಕ್ಕೇ ಇವತ್ತು ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಅಳಬೇಡ. ಅಕ್ಷರ ಕಲಸಿಹೋದರೆ ಇನ್ನೊಂದು ಸಲ ಬರೆದುಕೊಡುವವರು ಯಾರು?

ಮೊದಲು ಬೀದಿಯ ಸುದ್ದಿ. ವಿದೇಶ ನೋಡಿ ಬರುತ್ತೇನೆಂದು ಹೊರಟ ಹುಡುಗಿಯ ಸೂಟ್‌ಕೇಸಿನಲ್ಲಿ ಮಾದಕ ಪುಡಿ ಸಿಕ್ಕಿತು, ಹದಿನೆಂಟು ವರ್ಷ ಶಿಕ್ಷೆಯಾಯಿತು ಎಂದು ಪೇಪರಿನಲ್ಲಿ ಬಂದಿತಲ್ಲ, ಆಗ ಇಲ್ಲಿ ಏನೇನಾಯಿತೆಂದು ನಿನಗೆ ಬರೆದಿರಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಗೆ ಕತ್ತರಿ ಹಾಕಿರದಿದ್ದರೆ ಹಾಗೇ ಕೊಡಿ ಎಂದು ಜನ ವಾಪಸು ಕೇಳಿದರು. ಒಬ್ಬರಂತೂ ಒಂದೇ ತೋಳು ಕೂರಿಸಿದ್ದ ಕೋಟನ್ನು ಒಯ್ದರು, ಅದನ್ನು ಹೇಗೆ ತೊಟ್ಟರೋ ಕಾಣೆ. ಬಸ್ ಸ್ಟಾಪಿನಲ್ಲಿ ನಿನ್ನ ಅಣ್ಣ ಬಂದು ನಿಂತರೆ ಮಾತು ನಿಲ್ಲುತ್ತಿತ್ತು, ಅವನು ಬಸ್ಸು ಹತ್ತಿದ ಮೇಲೆ ಮತ್ತೆ ಶುರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು ಕೆಲವರು. ಒಬ್ಬಳೇ ಊರು ಸುತ್ತಲು ಹೊರಟಾಗಲೇ ಅಂದುಕೊಂಡಿದ್ದೆವು ಎಂದರು ಇನ್ನು ಕೆಲವರು. ಇಂಥವರನ್ನು ಅಲ್ಲೇ ನೇಣಿಗೆ ಹಾಕಬೇಕು ಎಂದು ಫೋನಿನಲ್ಲಿ ಬರೆದವರ ಹೆಸರುಗಳನ್ನು ಅಣ್ಣ ನನಗೆ ತೋರಿಸಲೇ ಇಲ್ಲ. ತೋರಿಸಿದ್ದರೆ ಅದರಲ್ಲಿ ಅರ್ಧ ಜನರ ಸೊಂಟದ ಅಳತೆ ನನಗೆ ಬಾಯಿಪಾಠವಿರುತ್ತಿತ್ತು.

ಆಮೇಲೆ ಟಿವಿಯವರು ಬಂದರು. ಮುಂದಿನ ಹಲ್ಲು ಬಿದ್ದಿದ್ದ ನಿನ್ನ ಶಾಲೆಯ ಫೋಟೋ ತೋರಿಸಿದರು, ಹಿಂದೆ ಪಿಟೀಲು ಕೊಯ್ಯಿಸಿದರು. ಅಷ್ಟೇ ನೋಡು, ಗಾಳಿ ತಿರುಗಿತು. ಹಲ್ಲಿಲ್ಲದ ಕೂಸು ಸುಳ್ಳು ಹೇಳುತ್ತದೆಯೇ? ಯಾರೋ ಎರವಲು ಕೊಟ್ಟ ಸೂಟ್‌ಕೇಸು, ಒಳಗೆ ಏನಿದೆಯೆಂದು ಪಾಪ ಅವಳಿಗೇನು ಗೊತ್ತು ಎಂದು, ನೀನು ಕೋರ್ಟಿನಲ್ಲಿ ಹೇಳಿದ್ದನ್ನೇ ಎಲ್ಲರೂ ಹೇಳತೊಡಗಿದರು. ನೇಣು ಎಂದದ್ದೂ ಅವೇ ಬಾಯಿಗಳು. ಎಲುಬಿಲ್ಲದ ನಾಲಿಗೆ, ಯಾವ ಕಡೆ ಬೇಕಾದರೂ ಹೊರಳುತ್ತದೆ. ನಿನಗೆ ಲೆಕ್ಕ ಕಲಿಸಿದ ಮೇಷ್ಟ್ರು ಮುಂದೆ ನಿಂತು ಒಂದು ಸಮಿತಿ ಕಟ್ಟಿದರು. ಬೀದಿಯ ಈ ಕಂಬದಿಂದ ಆ ಕಂಬಕ್ಕೆ ಬ್ಯಾನರು ಬಂತು, ‘ನಮ್ಮ ಮಗಳು ನಿರಪರಾಧಿ’ ಎಂದು. ಹೊತ್ತು ಹೆತ್ತದ್ದು ನಾನು, ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದ್ದು ತೀರಿಹೋದ ನಿನ್ನ ಅಪ್ಪ, ಈಗ ನೀನು ಊರಿಗೆಲ್ಲ ಮಗಳು. ಅದರಲ್ಲಿ ಹಾಕಿರುವ ಫೋಟೋ ನೋಡಿದರೆ ನೀನು ಜೈಲಿನಿಂದಲೇ ಕಿರುಚುತ್ತೀಯ. ಅತ್ತೆಯ ಮಗಳ ಮದುವೆಯದು, ತಲೆಗೆ ಎಣ್ಣೆ ಮೆತ್ತಿಕೊಂಡು ಅರ್ಧ ಕಣ್ಣು ಮುಚ್ಚಿದ್ದೀಯ.

ನನ್ನನ್ನು ಈಗ ಯಾರೂ ಟೈಲರಮ್ಮ ಎಂದು ಕರೆಯುವುದಿಲ್ಲ. ಇವರು ನಿರಪರಾಧಿಯ ತಾಯಿ ಎಂದು ಪರಿಚಯ ಮಾಡಿಸುತ್ತಾರೆ. ಅಂಗಡಿ ತುಂಬ ಬಟ್ಟೆ. ಸರಿಯಾಗಿಯೇ ಇದ್ದ ಪ್ಯಾಂಟನ್ನು ತಂದು, ಏನಾದರೂ ಮಾಡಿಕೊಡಿ ಎಂದು ಇಟ್ಟು ಹೋದವರೂ ಇದ್ದಾರೆ. ಜನ ಕೆಟ್ಟವರಲ್ಲ ಸೂಜಿ. ಬೈದರೆ ಪೂರ್ತಿ ಬೈಯಬೇಕು, ಮುದ್ದಿಸಿದರೆ ಪೂರ್ತಿ ಮುದ್ದಿಸಬೇಕು, ನಡುವೆ ನಿಲ್ಲುವುದು ಅವರಿಗೆ ಬರುವುದಿಲ್ಲ ಅಷ್ಟೇ. ಗ್ರಂಥಾಲಯದ ಹಾಲಿನಲ್ಲಿ ದೊಡ್ಡ ಸಭೆ ಇಟ್ಟುಕೊಂಡಿದ್ದಾರೆ, ನಾನು ಮಾತಾಡಲೇಬೇಕಂತೆ. ಅದರ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನನ್ನು ಬಿಡಿಸಬೇಕೆಂದು ಆ ಸಮಿತಿ ಬರೆದ ಮನವಿಗೆ ಸಹಿ ಹಾಕದೆ ಉಳಿದವಳು ಎದುರಿನ ಇಸ್ತ್ರಿ ಅಂಗಡಿಯವಳು ಒಬ್ಬಳೇ. ನೀನು ಇಲ್ಲಿದ್ದಾಗ ಅವಳ ತಮ್ಮ ಇದ್ದ, ನೆನಪಿರಬಹುದು, ಸೈಕಲ್ಲಿನಲ್ಲಿ ಬಟ್ಟೆ ತಂದುಕೊಡುತ್ತಿದ್ದ. ಆ ಹಾಳು ಪುಡಿಯ ಚಟಕ್ಕೆ ಬಿದ್ದು ಅವನು ಸತ್ತ. ನೀನು ಹೊರಟ ಮೇಲೆ ಆದದ್ದು, ನಿನಗೆ ತಿಳಿಸಿರಲಿಲ್ಲ. ಊರೆಲ್ಲ ನಮ್ಮನ್ನು ಬೈಯುವಾಗಲೂ ಅವಳು ಒಂದು ಮಾತು ಆಡಲಿಲ್ಲ, ನನ್ನ ಗಿರಾಕಿಗಳ ಬಟ್ಟೆಗೆ ಮೊದಲಿನ ಹಾಗೆಯೇ ಇಸ್ತ್ರಿ ಮಾಡಿಕೊಡುತ್ತಿದ್ದಳು. ಊರೆಲ್ಲ ಮುದ್ದಿಸುವಾಗಲೂ ಮಾತಾಡಲಿಲ್ಲ. ಒಂದು ದಿನ ನಾನೇ ಕೇಳಿದೆ, ಮನಸ್ಸಿನಲ್ಲಿ ಏನಿದೆಯೋ ಹೇಳಿಬಿಡು ಎಂದು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಹೇಳಿದಳು: “ಅವಳು ಮಾಡಿಲ್ಲ ಅಂದ್ರೆ ನನಗೆ ಸಂತೋಷ ಅಕ್ಕಾ. ಮಾಡಿದ್ರೆ, ಹೌದು ಮಾಡ್ದೆ ಅಂತ ಒಂದ್ಸಲ ಬಾಯಿಬಿಟ್ಟು ಹೇಳ್ಲಿ. ನನ್ನ ತಮ್ಮನ ಕೈಗೆ ಅದನ್ನ ತಲುಪಿಸಿದೋರು ಒಬ್ರೂ ಹಾಗೆ ಹೇಳ್ಲಿಲ್ಲ.” ಆ ಮಾತು ಕೇಳಿ ಅವತ್ತು ನಾನು ಊಟ ಮಾಡಲಿಲ್ಲ.

ಈಗ ನಾನು ಬರೆಯಬೇಕಾದ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬರುತ್ತಿದ್ದೆ ಎಂದು ನಿನಗೆ ಗೊತ್ತಾಗಿರಬೇಕು.

ಹೋದ ವಾರ ವಕೀಲಮ್ಮ ಅಂಗಡಿಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೋರ್ಟಿನ ಫೋಟೋಗಳನ್ನು ಹರಡಿದರು. ಆ ನೀಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಮಲಗಿತ್ತು. ಒಳಗಿನ ಲೈನಿಂಗನ್ನು ಒಂದು ಬದಿಯಲ್ಲಿ ಪೊಲೀಸರು ಪುಡಿ ತೆಗೆಯಲು ಸೀಳಿದ್ದರು. ಇನ್ನೊಂದು ಬದಿಯ ಹೊಲಿಗೆ ಹಾಗೇ ಇತ್ತು, ಅದರದ್ದೂ ಒಂದು ಫೋಟೋ, ತೀರ ಹತ್ತಿರದಿಂದ ತೆಗೆದದ್ದು. ನಾನು ಕನ್ನಡಕ ಹಾಕಿಕೊಂಡು ನೋಡಿದೆ.

ಕೊನೆಯಲ್ಲಿ ಗಂಟು ಇರಲಿಲ್ಲ. ಎರಡು ಹೊಲಿಗೆ ಹಿಂದಕ್ಕೆ ಹೋಗಿ, ದಾರದ ತುದಿಯನ್ನು ಬಟ್ಟೆಯೊಳಗೆ ಎಳೆದು ಕತ್ತರಿಸಿದ್ದರು. ಗಂಟು ಚುಚ್ಚುತ್ತದೆ, ಒಳಗೊಂದು ಹೊಲಿಗೆ ಇದೆಯೆಂದು ತೊಟ್ಟವರಿಗೆ ಗೊತ್ತೇ ಆಗಬಾರದು ಎಂದು ನಿನ್ನ ಕೈಯಿಂದ ಬಿಚ್ಚಿಸಿ ಬಿಚ್ಚಿಸಿ ಕಲಿಸಿದವಳು ನಾನು. ಹೊಲಿಗೆಗಳೆಲ್ಲ ನಿನ್ನಂಥ ಎಡಗೈಯವರ ಹೊಲಿಗೆಯ ಹಾಗೆ ಉಲ್ಟಾ ಕಡೆಗೆ ವಾಲಿದ್ದವು. ಬೇರೆ ಯಾರಾದರೂ ಆಗಿದ್ದರೆ ಅಂಟು ಮೆತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ಟೈಲರ್ ಮಗಳು ನೀನು, ಹರಿದ ಲೈನಿಂಗನ್ನು ಹೇಗೋ ಮುಚ್ಚಿ ಬಿಡಲು ನಿನ್ನ ಕೈಗೆ ಮನಸ್ಸು ಬಂದಿರಲಿಕ್ಕಿಲ್ಲ.

ನನಗೆ ಮೊದಲು ಬಂದದ್ದು ದುಃಖವಲ್ಲ ಕಣೇ. ಎಷ್ಟು ಒಂದೇ ಸಮನಾಗಿ ಹೊಲಿದಿದ್ದಾಳೆ ಎಂಬ ಮೆಚ್ಚಿಕೆ ಬಂತು. ಹೊಲಿದು ಮುಚ್ಚಿದ್ದು ಏನನ್ನು ಎಂದು ಆಮೇಲೆ ಹೊಳೆಯಿತು. ವಕೀಲಮ್ಮನಿಗೆ ಏನೂ ಹೇಳಲಿಲ್ಲ. ಕಣ್ಣಿಗೆ ದಾರದ ಧೂಳು ಬಿತ್ತು ಎಂದು ಹಿಂದಿನ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಯಾಕೆ ಮಾಡಿದೆ ಎಂದು ಕಾಗದದಲ್ಲಿ ಕೇಳುವುದಿಲ್ಲ. ನೀನು ಎದುರಿಗೆ ಬಂದು ಕೂತಾಗ ಎರಡು ಬಿಟ್ಟು ಕೇಳುತ್ತೇನೆ. ಕೋಪ ಇಳಿದಿಲ್ಲ ಎಂದು ತಿಳಿದಿರಲಿ. ಆ ಪುಡಿ ತಲುಪಬೇಕಾದ ಕಡೆ ತಲುಪಿದ್ದರೆ ಯಾವ ಅಕ್ಕನ ಯಾವ ತಮ್ಮ ಹೋಗುತ್ತಿದ್ದನೋ ಎಂದು ಯೋಚಿಸುತ್ತೇನೆ. ನೀನು ಸಿಕ್ಕಿಬಿದ್ದದ್ದು ಒಳ್ಳೆಯದಾಯಿತು ಎಂದು ಒಂದೊಂದು ಸಲ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡೂ ನಿಜ.

ವಕೀಲಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಮುಂದಿನ ತಿಂಗಳು ಮೇಲಿನ ಕೋರ್ಟಿನಲ್ಲಿ ವಿಚಾರಣೆ. ನೀನು ನಿಜ ಒಪ್ಪಿಕೊಂಡು, ಕೊಟ್ಟವರು ಯಾರು, ಇಸಿದುಕೊಳ್ಳಬೇಕಾದವರು ಯಾರು ಎಂದು ಹೇಳಿದರೆ ಶಿಕ್ಷೆ ಅರ್ಧಕ್ಕಿಂತ ಕಡಿಮೆಯಾಗಬಹುದು. ನನಗೇನೂ ಗೊತ್ತಿಲ್ಲ ಎಂದೇ ಹಟ ಹಿಡಿದರೆ ಹದಿನೆಂಟು ವರ್ಷವೂ ಗಟ್ಟಿ. ಹೆಸರು ಹೇಳಿದರೆ ನಿನಗೆ ಅಪಾಯವಿಲ್ಲವೇ ಎಂದು ಕೇಳಿದೆ. ಬೇರೆ ಜೈಲಿಗೆ ಕಳಿಸಿ ಕಾಯುತ್ತಾರೆ ಎಂದರು. ಇದನ್ನೆಲ್ಲ ನಿನಗೂ ಎಷ್ಟೋ ಸಲ ಹೇಳಿದ್ದಾರಂತೆ. ನೀನು ಗೋಡೆಯ ಕಡೆ ತಿರುಗಿ ಒಂದೇ ಮಾತು ಹೇಳುತ್ತೀಯಂತೆ: “ಅಮ್ಮ ಆ ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕು.”

ಅಯ್ಯೋ ಪೆದ್ದಿ. ದಿನವಿಡೀ ಹೊಲಿಗೆ ಯಂತ್ರದ ಮೇಲೆ ತಲೆ ಬಗ್ಗಿಸಿ ಕೂರುವವಳು ನಾನು. ತಲೆ ಎತ್ತಿಕೊಂಡು ಓಡಾಡಿದ್ದನ್ನು ನೀನು ಯಾವತ್ತು ನೋಡಿದ್ದೀಯ? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹೆತ್ತವರಿಗೆ ಕಣ್ಣು ಕಾಣುವುದಿಲ್ಲ ಎಂದು ಎಲ್ಲರೂ ಅದಕ್ಕೆ ನಗುತ್ತಾರೆ. ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹೆಗ್ಗಣ ಎಂದು ಗೊತ್ತಿದ್ದೇ ಮುದ್ದಿಸುವುದು. ನಿನ್ನನ್ನು ಪ್ರೀತಿಸಲು ನೀನು ನಿರಪರಾಧಿ ಆಗಿರಬೇಕೆಂದು ನಾನು ಎಂದೂ ಕೇಳಿಲ್ಲ, ಅದು ಊರಿನವರಿಗೆ ಬೇಕಾದದ್ದು. ನನಗೆ ನೀನು ಬೇಕು, ನನ್ನ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟಾದರೂ ನೆಟ್ಟಗಿರುವಾಗಲೇ ಬೇಕು. ಹದಿನೆಂಟು ವರ್ಷ ಕಾಯುವ ಶಕ್ತಿ ನನಗಿಲ್ಲ ಸೂಜಿ. ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ, ಇದು ಹೀಗೇ ಇದೆ.

ಅಣ್ಣನಿಗೂ ಎಲ್ಲ ಹೇಳಿದ್ದೇನೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ, ಅವಳು ಬಂದಾಗ ಮಲಗಲು ಜಾಗ ಬೇಕಲ್ಲ ಎಂದು ಹಿಂದಿನ ಕೋಣೆಯ ಹಳೆಯ ಯಂತ್ರವನ್ನು ಒಬ್ಬನೇ ಎಳೆದು ಆಚೆಗಿಟ್ಟ. ಸೊಂಟ ಹಿಡಿದುಕೊಂಡು ಈಗ ನಿನ್ನನ್ನೇ ಬೈಯುತ್ತಿದ್ದಾನೆ. ಚೆನ್ನಾಗಿ ಊಟ ಮಾಡು. ಅಲ್ಲಿ ಹೊಲಿಗೆ ಕೆಲಸ ಕೊಟ್ಟಿದ್ದಾರೆಂದು ವಕೀಲಮ್ಮ ಹೇಳಿದರು, ಬೆಳಕಿರುವ ಕಡೆ ಕೂತು ಹೊಲಿ.

ಕೋಪ ಬಿಡದ, ನಿನ್ನನ್ನೂ ಬಿಡದ,
ಅಮ್ಮ

ತಾ.ಕ.: ಮೇಲೆ ಎರಡು ಸುಳ್ಳು ಬರೆದಿದ್ದೇನೆ, ತಿದ್ದದೆ ಕಳಿಸಲು ಮನಸ್ಸಾಗುತ್ತಿಲ್ಲ. ಸಭೆ ಇನ್ನೂ ಆಗಬೇಕೆನ್ನುವ ಹಾಗೆ ಬರೆದೆ, ಅದು ನಿನ್ನೆಯೇ ಆಗಿಹೋಯಿತು. ಮೇಷ್ಟ್ರು ಮೈಕು ಕೊಟ್ಟರು. ಎದ್ದು ನಿಂತು ಹೇಳಿದೆ: “ಅವಳು ಮಾಡಿದ್ದಾಳೋ ಇಲ್ವೋ ಅಂತ ಅವಳೇ ಹೇಳ್ಲಿ, ಅವಳ ಪರವಾಗಿ ನಾವು ಹೇಳೋದು ಬೇಡ. ಮಾಡಿದ್ರೂ ಅವಳು ನಮ್ಮ ಹುಡುಗೀನೇ ಅನ್ನೋರು ಕೂತಿರಿ, ಉಳಿದೋರು ಹೋಗಿ, ನನಗೆ ಬೇಜಾರಿಲ್ಲ.” ಸ್ವಲ್ಪ ಹೊತ್ತು ಕುರ್ಚಿಗಳ ಸದ್ದು. ಮೇಷ್ಟ್ರು ನನ್ನ ಮುಖ ನೋಡದೆ ಮೈಕಿನ ವೈರು ಸುತ್ತಿಕೊಂಡರು. ಕೊನೆಗೆ ಕೂತಿದ್ದವರು ನಿನ್ನ ಅಣ್ಣ, ಮತ್ತೆ ಆ ಇಸ್ತ್ರಿಯವಳು. ಬೆಳಿಗ್ಗೆ ನೋಡಿದರೆ ಕಂಬದ ಮೇಲೆ ಬ್ಯಾನರಿಲ್ಲ. ಅಂಗಡಿ ತುಂಬ ಬಟ್ಟೆ ಎಂದದ್ದೂ ಸುಳ್ಳು, ಎಲ್ಲರೂ ಬಂದು ಒಯ್ದರು. ಇಲ್ಲದಿದ್ದರೆ ಸೋಮವಾರ ಮಧ್ಯಾಹ್ನ ಇಷ್ಟುದ್ದ ಕಾಗದ ಬರೆಯಲು ನನಗೆಲ್ಲಿಯ ಪುರುಸೊತ್ತು? ನನ್ನ ಮಾನ ಉಳಿಸಬೇಕೆಂದು ಬಾಯಿ ಮುಚ್ಚಿಕೊಂಡಿದ್ದೀಯಲ್ಲ, ಅದನ್ನು ನಾನೇ ಕೈಯಾರೆ ಕೊಟ್ಟು ಬಂದೆ. ಇನ್ನು ಇಲ್ಲಿ ನೀನು ಕಾಪಾಡಬೇಕಾದದ್ದು ಏನೂ ಉಳಿದಿಲ್ಲ ಕಂದ. ಹೇಳಿಬಿಡು.