ಗಿರಣಿ ನಿಲ್ದಾಣ

ಜೂನ್ ೧೪, ಮಂಗಳವಾರ

ಇದನ್ನು ಇಲ್ಲಿಯೂ ಬರೆಯಬಾರದು ಎಂದುಕೊಂಡಿದ್ದೆ.

ಬಸ್ಸುಗಳು ಬೇಗ ತಲುಪಲೆಂದು, ಜನರಿಲ್ಲದ ನಿಲ್ದಾಣಗಳನ್ನು ತೆಗೆಸುವುದು ನನ್ನ ಕೆಲಸ. ಎಂದೋ ಮುಚ್ಚಿದ ಗಿರಣಿಯ ನಿಲ್ದಾಣ ಮೊದಲನೆಯದು. ಇವತ್ತು ನೋಡಲು ಹೋದೆ. ಬಸ್ಸಿನಲ್ಲಿ ಡ್ರೈವರ್ ಮತ್ತು ನಾನು ಇಬ್ಬರೇ. ಗಿರಣಿ ಬಂದಾಗ, ಇಳಿಯುವವರು ಒತ್ತುವ ಗಂಟೆ ಹೊಡೆಯಿತು. ನಾನು ಒತ್ತಿರಲಿಲ್ಲ. ಡ್ರೈವರ್ ನಿಲ್ಲಿಸಿ ಬಾಗಿಲು ತೆರೆದರು.

“ಯಾರಿಗೆ ನಿಲ್ಲಿಸಿದ್ರಿ?”

“ನಿಲ್ಲಿಸ್ಬೇಡ ಅಂತ ಬರ್ಕೊಡಿ ಮೇಡಂ, ನಿಲ್ಸಲ್ಲ. ಗಂಟೆ ಹೊಡೆಯೋರಿಗೂ ನೀವೇ ಒಂದ್ಮಾತು ಹೇಳ್ಬಿಡಿ.”

ನಕ್ಕೆ. ಅಷ್ಟರಲ್ಲಿ, ಜನ ಇಳಿದಾಗ ಬಸ್ಸು ಹಗುರಾಗಿ ಮೇಲೇಳುತ್ತದಲ್ಲ, ಹಾಗೆ ನಿಧಾನವಾಗಿ ಎದ್ದಿತು.

ಮನಸ್ಸಿನ ಭ್ರಮೆಯೇ ಇರಬಹುದು. ಆದರೆ ಅಲ್ಲಿ ನಿಲ್ಲಿಸದಿದ್ದರೆ ಅವರೆಲ್ಲ ಎಲ್ಲಿ ಇಳಿಯುತ್ತಾರೆ? ಮುಂದಿನ ನಿಲ್ದಾಣ ನಮ್ಮ ಮನೆಯ ಎದುರಿನದು.

ನಿಲ್ದಾಣ ಇರಲಿ ಎಂದು ವರದಿ ಬರೆದಿದ್ದೇನೆ. ಕಾರಣ ಬರೆದಿಲ್ಲ. ನಾಡಿದ್ದು ಅಂಚೆಗೆ ಹಾಕುತ್ತೇನೆ.